ಪಟ್ಟಿ ಸಾಹೇಬರ ಸ್ವಯಂಸೇವಕರು

ವಾಂತಿಭೇದಿ ವಾರ್ಡಿನ ಸಿಸ್ಟರ್ ಎರಡು ಸಲ ಚುಚ್ಚಿ ಸೋತು, ಮೂರನೇ ಸಲಕ್ಕೆ ಮುದುಕನ ಕೈಯಲ್ಲಿ ನರ ಹಿಡಿಯುವುದಕ್ಕೂ ಜೇಬಿನ ಫೋನು ಬಡಿದುಕೊಳ್ಳುವುದಕ್ಕೂ ಸರಿಹೋಯಿತು. ಸೂಜಿಯ ಮೇಲೆ ಪ್ಲಾಸ್ಟರ್ ಒತ್ತಿ, ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡಳು.

"ಮೇಡಂ, ಆರೋಗ್ಯ ತುರ್ತು ಸೇವಾ ಪಡೆಯಿಂದ ಮಾತಾಡ್ತಿರೋದು. ಸ್ವಯಂಸೇವಕರ ಪಟ್ಟಿಯಲ್ಲಿ ನಿಮ್ಮ ಹೆಸರಿದೆ. ಒಂದು ಗಂಟೆಯೊಳಗೆ ದೊಡ್ಡಾಸ್ಪತ್ರೆಯ ವಾಂತಿಭೇದಿ ವಾರ್ಡಿಗೆ ಹಾಜರಾಗ್ಬೇಕು."

"ನಾನು ಅಲ್ಲೇ ಇದೀನಲ್ಲಪ್ಪ."

"ಓಹೋ, ಆಗ್ಲೇ ಬಂದ್ಬಿಟ್ರಾ! ತುಂಬಾ ಸಂತೋಷ," ಎಂದು ಆ ಕಡೆಯ ದನಿ ಫೋನಿಟ್ಟಿತು.

ಅಷ್ಟರಲ್ಲಿ ಉಳಿದಿಬ್ಬರು ನರ್ಸುಗಳ ಜೇಬುಗಳೂ ಒಂದಾದ ಮೇಲೊಂದು ಬಡಿದುಕೊಂಡವು. ಸಿಸ್ಟರಿಗೆ ನಗಲೂ ತ್ರಾಣವಿರಲಿಲ್ಲ. ಕುಡಿಯುವ ನೀರಿನ ಪೈಪಿಗೆ ಚರಂಡಿ ನೀರು ಸೇರಿ ಮೂರು ದಿನ. ವಾರ್ಡಿನಲ್ಲಿ ಅರವತ್ತೆರಡು ರೋಗಿಗಳು, ನೋಡಿಕೊಳ್ಳಲು ಮೂವರು. ಬೆಳಿಗ್ಗೆ ಮೂಲೆಯ ಹಾಸಿಗೆಯ ಹೆಂಗಸಿನ ಸಲೈನ್ ಬಾಟಲಿ ಬರಿದಾದದ್ದು ಯಾರ ಕಣ್ಣಿಗೂ ಬೀಳದೆ ಆಕೆ ಕೈತಪ್ಪಿ ಹೋಗಿದ್ದಳು. ಇನ್ನೊಂದು ಹೆಣ ಈ ಬಾಗಿಲು ದಾಟಬಾರದು ಎಂಬುದೊಂದೇ ಈಗ ಸಿಸ್ಟರಿಗಿದ್ದ ಹಟ. "ಮಧ್ಯಾಹ್ನದೊಳಗೆ ಇನ್ನೂ ಮೂವರನ್ನ ಕಳಿಸ್ತೀನಿ" ಎಂದು ಪಡೆಯ ಅಧಿಕಾರಿ ಮಾತು ಕೊಟ್ಟಿದ್ದರು. ಅದನ್ನು ನಂಬಿ, ಅಲ್ಲಿಯವರೆಗೆ ಹಲ್ಲು ಕಚ್ಚಿಕೊಂಡಿರಿ ಎಂದು ಹುಡುಗಿಯರಿಗೆ ಧೈರ್ಯ ಹೇಳಿದ್ದಳು. ಆ ಮೂವರು ಯಾರೆಂದು ಈಗ ಗೊತ್ತಾಯಿತು.

ಈ ಪಟ್ಟಿ ಹುಟ್ಟಿದ ಬಗೆಯೂ ಕೇಳುವಂಥದ್ದೇ. ಕಷ್ಟಕಾಲಕ್ಕೆ ಕೈಜೋಡಿಸಬಲ್ಲ ಡಾಕ್ಟರು, ನರ್ಸುಗಳನ್ನು ಮೊದಲೇ ನೋಂದಾಯಿಸಿ ಇಟ್ಟುಕೊಳ್ಳಿ ಎಂದು ಮೇಲಿನವರು ಹೇಳಿದರು. ಒಳ್ಳೆಯ ಮಾತೇ. ಆದರೆ ಅದು ಬಂದು ಬಿದ್ದದ್ದು ಈ ಅಧಿಕಾರಿಯ ಮೇಜಿನ ಮೇಲೆ. ಅವರು ಅರ್ಜಿ ನಮೂನೆ ಸಿದ್ಧಪಡಿಸಿ, ಈಗ ಕೆಲಸ ಮಾಡುತ್ತಿರುವ ಆಸ್ಪತ್ರೆಯ ಮುಖ್ಯಸ್ಥರ ಮೊಹರು ಕಡ್ಡಾಯ ಎಂದು ಕೆಳಗೊಂದು ಸಾಲು ಸೇರಿಸಿದರು. ನಿವೃತ್ತರಾದವರು, ಮಗು ಹುಟ್ಟಿದ ಮೇಲೆ ಕೆಲಸ ಬಿಟ್ಟವರು, ಅಂತೂ ಕೈ ಖಾಲಿ ಇದ್ದವರೆಲ್ಲ ಮೊಹರು ಸಿಗದೆ ವಾಪಸಾದರು. ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲದವರಿಗೆ ಮಾತ್ರ, ಅವರನ್ನು ಒಂದು ಮಾತೂ ಕೇಳದೆ, ದಬದಬ ಮೊಹರು ಬಿತ್ತು. ತಿಂಗಳೊಳಗೆ ಸಾವಿರ ಹೆಸರು! ಸಾಹೇಬರಿಗೆ ಪ್ರಶಂಸಾಪತ್ರ ಬಂತು. ಆಸ್ಪತ್ರೆಯವರು ಅಂದಿನಿಂದ ಅವರನ್ನು ಪಟ್ಟಿ ಸಾಹೇಬರು ಎಂದೇ ಕರೆಯುತ್ತಾರೆ.

ಫೋನು ಬಂದ ಅರ್ಧ ಗಂಟೆಗೆ ಪಟ್ಟಿ ಸಾಹೇಬರು ಖುದ್ದಾಗಿ ಬಂದರು. ಮೂಗಿಗೆ ಕರವಸ್ತ್ರ, ಕಂಕುಳಲ್ಲಿ ಸ್ವಯಂಸೇವಕರು ತೊಡುವ ಕಿತ್ತಳೆ ಬಣ್ಣದ ಮೂರು ಜಾಕೆಟ್ಟು. ಬಾಗಿಲಲ್ಲಿ ಒಬ್ಬ ವಯಸ್ಸಾದ ಹೆಂಗಸು ಚೀಲದಿಂದ ಏಪ್ರನ್ ತೆಗೆಯುತ್ತ ನಿಂತಿದ್ದರು. ಇದೇ ವಾರ್ಡಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತರಾದ ದೊಡ್ಡ ಸಿಸ್ಟರ್. ಈಗಿನ ಸಿಸ್ಟರಿಗೆ ನರ ಹಿಡಿಯುವುದು ಕಲಿಸಿದವರೇ ಅವರು. ಸಾಹೇಬರು ಅಡ್ಡ ನಿಂತರು.

"ನೋಂದಣಿ ಇಲ್ದೆ ಒಳಗೆ ಬಿಡೋಕಾಗಲ್ಲಮ್ಮ."

"ನೋಂದಣಿಗೆ ಅಂತ ಮೂರು ಸಲ ಬಂದಿದ್ದೆ ಸಾರ್. ಮೊಹರಿಲ್ಲ ಅಂತ ನೀವೇ ವಾಪಸ್ ಕಳಿಸಿದ್ರಿ."

"ಅದನ್ನೇ ನಾನೂ ಹೇಳ್ತಿರೋದು," ಎಂದು ಸಾಹೇಬರು ಒಳಗೆ ಬಂದು ಸಿಸ್ಟರ್ ಮುಂದೆ ಜಾಕೆಟ್ಟು ಹಿಡಿದರು. "ಬೇಗ ಹಾಕ್ಕೊಳ್ಳಮ್ಮ. ಒಂದು ಫೋಟೋ, ಒಂದು ಸಹಿ, ಅಷ್ಟೇ."

"ಜನ ಎಲ್ಲಿ ಸಾರ್?"

"ಬಂದಾಯ್ತಲ್ಲ! ಸಿಬ್ಬಂದಿ ಮೂರು, ಸ್ವಯಂಸೇವಕರು ಮೂರು. ಒಟ್ಟು ಆರು ಜನ ಇದೀರಿ. ಇನ್ನೆಷ್ಟು ಬೇಕು ನಿಮಗೆ?"

ಸಿಸ್ಟರಿಗೆ ಮೈಯೆಲ್ಲ ಉರಿದುಹೋಯಿತು. ನಾಲಿಗೆ ತುದಿಗೆ ಬಂದದ್ದನ್ನು ಆಡಿಬಿಡುತ್ತಿದ್ದಳೇನೋ, ಅಷ್ಟರಲ್ಲಿ ಗಾರೆ ಕೆಲಸದ ಹೆಂಗಸೊಬ್ಬಳನ್ನು ಹೊತ್ತು ತಂದರು. ಕಣ್ಣು ಗುಳಿಬಿದ್ದಿತ್ತು, ನಾಡಿ ಬೆರಳಿಗೆ ಸಿಕ್ಕೂ ಸಿಗದಂತಿತ್ತು. ಹಾಸಿಗೆ ಖಾಲಿಯಿರಲಿಲ್ಲ. ನೆಲದ ಮೇಲೇ ಚಾಪೆ ಹಾಸಿ ಮಲಗಿಸಿದರು. ಸಿಸ್ಟರ್ ಮಂಡಿಯೂರಿ ಒಂದೇ ಏಟಿಗೆ ಸೂಜಿ ಏರಿಸಿ, ಬಾಟಲಿ ತೂಗುಹಾಕಲು ಸುತ್ತ ನೋಡಿದಳು. ಸ್ಟ್ಯಾಂಡು ಒಂದೂ ಉಳಿದಿರಲಿಲ್ಲ. ಕಿಟಕಿಯ ಸರಳುಗಳಿಗೂ ಬ್ಯಾಂಡೇಜು ಬಟ್ಟೆಯಲ್ಲಿ ಬಾಟಲಿಗಳನ್ನು ಕಟ್ಟಿಯಾಗಿತ್ತು. ಹುಡುಗಿಯರಿಬ್ಬರ ನಾಲ್ಕು ಕೈಗಳೂ ಬೇರೆ ಬೇರೆ ರೋಗಿಗಳ ಮೇಲಿದ್ದವು.

ಅವಳು ಎದ್ದು ಸಾಹೇಬರ ಕೈಯಲ್ಲಿದ್ದ ಜಾಕೆಟ್ಟುಗಳನ್ನು ನೆಲಕ್ಕೆ ಹಾಕಿ, ಆ ಕೈಗೆ ಬಾಟಲಿ ಕೊಟ್ಟು, ಕೈಯನ್ನು ಅವರ ತಲೆಯ ಮೇಲಕ್ಕೆ ಎತ್ತಿಸಿದಳು.

"ಹೀಗೇ ಹಿಡ್ಕೊಂಡಿರಿ. ಇಳಿಸಿದ್ರೆ ನೀರು ನಿಲ್ಲುತ್ತೆ, ನೀರು ನಿಂತ್ರೆ ಇವಳು ಉಳಿಯಲ್ಲ." ಬಾಗಿಲ ಕಡೆ ತಿರುಗಿ ಕೂಗಿದಳು. "ದೊಡ್ಡ ಸಿಸ್ಟರ್, ಒಳಗೆ ಬನ್ನಿ."

"ಏಯ್, ಏಯ್, ಅವರ ಹೆಸರು..." ಎನ್ನುತ್ತ ಸಾಹೇಬರು ಒಂದು ಹೆಜ್ಜೆ ಎತ್ತಿಟ್ಟರು. ನಳಿಕೆ ಬಿಗಿಯಿತು, ಚಾಪೆಯ ಮೇಲಿನ ಹೆಂಗಸು ನರಳಿದಳು. ಸಾಹೇಬರು ಗಾಬರಿಯಾಗಿ ಇದ್ದಲ್ಲೇ ನಿಂತರು. ದೊಡ್ಡ ಸಿಸ್ಟರ್ ಏಪ್ರನ್ ಕಟ್ಟಿಕೊಳ್ಳುತ್ತಲೇ ಅವರನ್ನು ದಾಟಿಕೊಂಡು ನೇರ ಕೊನೆಯ ಸಾಲಿಗೆ ಹೋಗಿ, ಬರಿದಾಗುತ್ತಿದ್ದ ಬಾಟಲಿಯೊಂದನ್ನು ಬದಲಾಯಿಸಿದರು.

ಐದು ನಿಮಿಷವಾಗಿರಬಹುದು. ಸಾಹೇಬರ ಹಣೆಯಿಂದ ಬೆವರು ಇಳಿಯುತ್ತಿತ್ತು.

"ಸಿಸ್ಟರ್, ಕೈ ಜೋಮು ಹಿಡೀತಿದೆ. ಎಷ್ಟೊತ್ತು ಹೀಗೇ ನಿಂತಿರ್ಬೇಕು?"

ಸಿಸ್ಟರ್ ಇನ್ನೊಬ್ಬನ ತೋಳಲ್ಲಿ ನರ ಹುಡುಕುತ್ತಿದ್ದವಳು ತಲೆ ಎತ್ತಲಿಲ್ಲ.

"ನಿಮ್ಮ ಪಟ್ಟಿಯಲ್ಲಿರೋ ಆ ಮೂವರು ಸ್ವಯಂಸೇವಕರು ಬರೋವರೆಗೂ, ಸಾರ್."