ಅಂಟಿನ ನಾತ

ಮರದ ಬಿಲ್ಲು ಗಟ್ಟಿಯಾಗಲೆಂದು ಅದರ ಬೆನ್ನಿಗೆ ಪ್ರಾಣಿಯ ನರ ಅಂಟಿಸಲು ಪಾಲಕ್ಕನ ಅಪ್ಪ ಮನೆಯಲ್ಲೇ ತೊಗಲು ಬೇಯಿಸಿ ಅಂಟು ಕಾಯಿಸುತ್ತಿದ್ದ. ಹೆಣ್ಣು ನೋಡಲು ಬಂದವರೆಲ್ಲ ಆ ನಾತಕ್ಕೆ ಮೂಗು ಮುಚ್ಚಿಕೊಂಡು, ಕೊಟ್ಟ ಕಾಫಿಯನ್ನೂ ಕುಡಿಯದೆ ಎದ್ದು ಹೋಗುತ್ತಿದ್ದರು.

"ಇವತ್ತೊಂದು ದಿನ ಒಲೆ ಹಚ್ಚಬೇಡಪ್ಪ" ಎಂದು ಪಾಲಕ್ಕ ಪ್ರತಿ ಸಲವೂ ಬೇಡಿಕೊಳ್ಳುತ್ತಿದ್ದಳು. ಅಪ್ಪ ಪ್ರತಿ ಸಲವೂ ಹಚ್ಚುತ್ತಿದ್ದ. ಅವನ ಕೈ ನಡುಗಲು ಶುರುವಾದ ಮೇಲೆ ಬಿಲ್ಲು ಕಟ್ಟುತ್ತಿದ್ದವಳು ಅವಳೇ.

ಈ ಸಲ ಬಂದ ಹುಡುಗ ಮಾತ್ರ ಮೂಗು ಮುಚ್ಚಲಿಲ್ಲ. ಅವನ ತಾಯಿ ನಿಧಾನವಾಗಿ ಕಾಫಿ ಕುಡಿದು ಮುಗಿಸಿ, "ಹುಡುಗಿ ನಮಗೆ ಒಪ್ಪಿಗೆ" ಎಂದಳು.

ಅಪ್ಪ ಗಾಬರಿಬಿದ್ದ. "ಅಲ್ಲಮ್ಮಾ, ಇವಳ ಮೈಗೇ ಈ ನಾತ ಹತ್ತಿಬಿಟ್ಟೈತೆ. ಎಷ್ಟು ತೊಳೆದ್ರೂ ಹೋಗಲ್ಲ."

"ನನಗೇನೂ ನಾತ ಬರ್ತಿಲ್ಲವಲ್ಲ."

ಪಾಲಕ್ಕನ ಕಣ್ಣು ತುಂಬಿ ಬಂತು. ಅಂತೂ ಈ ಒಲೆಯಿಂದ ಬಿಡುಗಡೆ ಸಿಕ್ಕಿತು ಎಂದುಕೊಂಡು, ಅಪ್ಪ ಮತ್ತೇನಾದರೂ ಹೇಳುವ ಮೊದಲೇ ಬಗ್ಗಿ ಅತ್ತೆಯಾಗುವವಳ ಕಾಲು ಮುಟ್ಟಿದಳು.

ಆಕೆ ಪಾಲಕ್ಕನನ್ನು ಹಿಡಿದೆತ್ತಿ, ಅಂಗೈಯ ಸುಟ್ಟ ಕಲೆಗಳನ್ನು ಸವರಿ ನೋಡಿ, ಮಗನತ್ತ ತಿರುಗಿದಳು. "ನಮ್ಮ ಅಂಟಿನ ಒಲೆಗೆ ಇನ್ನೆರಡು ಹಂಡೆ ತರಿಸೋ, ಕೆಲಸ ಗೊತ್ತಿರೋ ಕೈ ಸಿಕ್ತು."