ಅನುಮಾನದ ಸಾಲು

ಹನ್ನೊಂದೂ ಹತ್ತಕ್ಕೆ ಕರೆಂಟು ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿ ಬಂತು. ಆಸ್ಪತ್ರೆಯ ರಕ್ತನಿಧಿಯ ಹಿಂದಿನ ಕೋಣೆಯಲ್ಲಿದ್ದ ಹಳೆಯ ಸರ್ವರ್ ಕಂಪ್ಯೂಟರು ಬ್ಯಾಟರಿಯ ಆಸರೆಯಲ್ಲಿ ಹೇಗೋ ಉಸಿರು ಹಿಡಿದುಕೊಂಡಿತು. ಆದರೆ ಪರದೆಯ ಮೇಲಿನ ಒಂದು ಸಾಲು ಹಳದಿಗೆ ತಿರುಗಿ, ಪಕ್ಕದಲ್ಲಿ ಪ್ರಶ್ನೆಯ ಗುರುತು ಹೊತ್ತು ನಿಂತುಬಿಟ್ಟಿತು. ಹತ್ತೊಂಬತ್ತು ವರ್ಷಗಳಿಂದ ಆ ಯಂತ್ರವನ್ನು ಸಾಕಿಕೊಂಡು ಬಂದಿದ್ದ ಹೆಂಗಸು, ಎಲ್ಲರ ಬಾಯಲ್ಲಿ ‘ಸರ್ವರ್ ಅಕ್ಕ’, ಕನ್ನಡಕ ಮೇಲಕ್ಕೆ ತಳ್ಳಿಕೊಂಡು ಮುಂದಕ್ಕೆ ಬಾಗಿದಳು.

ಸಾಲಿನ ಅರ್ಥ ಅವಳಿಗೆ ಬಾಯಿಪಾಠ. ರಕ್ತದ ಚೀಲವೊಂದು ಇಲ್ಲಿಂದ ಹೊರಟಿದೆ. ಹೆರಿಗೆ ವಾರ್ಡಿನವರು ತಲುಪಿತು ಎಂದಿಲ್ಲ. ಎರಡೂ ಕಡೆಯವರು ಹೂಂ ಎನ್ನುವ ತನಕ ಸರ್ವರು ರಕ್ತನಿಧಿಯ, ವಾರ್ಡಿನ ಎರಡೂ ಲೆಕ್ಕದ ಪುಸ್ತಕಗಳಲ್ಲಿ ಏನನ್ನೂ ಖಾಯಂ ಮಾಡುವುದಿಲ್ಲ. ಕೊಟ್ಟರೆ ಪೂರ್ತಿ ಕೊಡಬೇಕು, ಇಲ್ಲವಾದರೆ ಕೊಟ್ಟೇ ಇಲ್ಲ. ಅದರ ಜಾತಕವೇ ಅಂಥದ್ದು.

ಇಪ್ಪತ್ತು ನಿಮಿಷಕ್ಕೆ ವಾರ್ಡಿನಿಂದ ಫೋನು ಬಂತು. “ಅಕ್ಕಾ, ಬಾಣಂತಿಗೆ ರಕ್ತ ನಿಲ್ತಿಲ್ಲ. ಇನ್ನೊಂದು ಚೀಲ ಕೇಳೋಣ ಅಂದ್ರೆ ನಿಮ್ಮ ಪೆಟ್ಟಿಗೆ ‘ಒಂದು ದಾರೀಲಿದೆ’ ಅಂತ ಹಟ ಹಿಡಿದಿದೆ,” ಎಂದಳು ನರ್ಸು.

ಹಳೆಯ ಸರ್ವರನ್ನು ಆರಿಸಿ ಹೊಸದನ್ನು ಕೂರಿಸಲು ಬಂದಿದ್ದ ತಂತ್ರಜ್ಞ ಬೆಳಗಿನಿಂದ ಕಾಯುತ್ತ ಕೂತಿದ್ದ. ಎರಡು ಗಂಟೆಗೆ ಅವನಿಗೆ ಇನ್ನೊಂದು ಊರಿನಲ್ಲಿ ಕೆಲಸವಿತ್ತು. “ಇದರಲ್ಲೇನಿದೆ ಮೇಡಂ? ರದ್ದು ಮಾಡಿ. ಹೊಸ ಚೀಟಿ ಬರುತ್ತೆ.”

“ಆ ಗುಂಪಿನ ರಕ್ತ ಇದ್ದದ್ದು ಒಂದೇ ಚೀಲ. ರದ್ದು ಮಾಡಿದ್ರೆ ಅದು ಪರದೆ ಮೇಲೆ ವಾಪಸ್ ಬರುತ್ತೆ, ಫ್ರಿಜ್ಜಿಗೆ ಬರಲ್ಲ.”

“ಹಂಗಾದ್ರೆ ಪೂರ್ತಿ ಅಂತ ಒತ್ತಿ.”

“ತಲುಪದೇ ಇರೋದನ್ನ ತಲುಪ್ತು ಅಂತ ಬರೀಲಾ?” ಅವಳು ಎದ್ದೇಬಿಟ್ಟಳು. ಹೊರಗಿನ ರಿಜಿಸ್ಟರಿನಲ್ಲಿ ಹನ್ನೊಂದೂ ಎಂಟಕ್ಕೆ ಚೀಲ ಒಯ್ದವನ ಸಹಿ ಇತ್ತು: ಎಲ್ಲರೂ ಮಾತಿನಮಲ್ಲ ಎಂದು ಕರೆಯುವ ಅಟೆಂಡರನದು. ವಾರ್ಡು ನಾಲ್ಕನೇ ಮಹಡಿಯಲ್ಲಿ. ಮೊಣಕಾಲು ನೋವಿನವನು ಮೆಟ್ಟಿಲಿನ ಕಡೆ ತಲೆಹಾಕಿಯೂ ಮಲಗುವವನಲ್ಲ. “ಲಿಫ್ಟು!” ಎಂದವಳೇ ಓಡಿದಳು. ತಂತ್ರಜ್ಞ ಫೋನು ನೋಡುತ್ತಲೇ ಹಿಂದೆ ಹೊರಟ.

ಹಿಂಬದಿಯ ಸಾಮಾನಿನ ಲಿಫ್ಟು ಎರಡು ಮತ್ತು ಮೂರನೇ ಮಹಡಿಗಳ ನಡುವೆ ನಿಂತಿತ್ತು. ಒಳಗಿನಿಂದ ಕೂಗು ಕೇಳುತ್ತಿತ್ತು. ಎರಡನೇ ಮಹಡಿಯಲ್ಲಿ ಅದರ ಎದುರಿಗೇ ನೆಲ ಒರೆಸುತ್ತಿದ್ದ ಹೆಂಗಸು ತಲೆಯೆತ್ತಿದಳು. “ಆಗ್ಲಿಂದ ಕೂಗ್ತಾನೇ ಇದಾನೆ. ಅವನು ಯಾವಾಗ ಸುಮ್ಮನಿದ್ದ ಹೇಳಿ? ಯಾರ ಹತ್ರಾನೋ ಹರಟೆ ಹೊಡೀತಿದಾನೆ ಅನ್ಕೊಂಡೆ.”

ಮೂವರೂ ಸೇರಿ ಬಾಗಿಲ ಸಂದಿಗೆ ಒರೆಸುವ ಕೋಲು ತುರುಕಿ ಮೀಟಿದರು. ಮೇಲ್ಗಡೆ ಒಂದು ಗೇಣು ಜಾಗ ಬಿಟ್ಟುಕೊಂಡಿತು. ಅಲ್ಲಿ ಮೊದಲು ಕಂಡದ್ದು ಬೆವರಿನಲ್ಲಿ ತೊಯ್ದ ಎರಡು ಕೈ, ಆಮೇಲೆ ರಕ್ತದ ಚೀಲವಿದ್ದ ತಂಪು ಡಬ್ಬಿ.

“ತಗೊಳ್ಳಿ ಅಕ್ಕಾ. ಮುಚ್ಚಳ ಒಂದ್ಸಲಾನೂ ತೆಗೆದಿಲ್ಲ. ಇಲ್ಲಿ ಬೆಂಕಿ ಬಿದ್ದಂಗಿದೆ, ಅಂಗಿ ಬಿಚ್ಚಿ ಅದಕ್ಕೇ ಸುತ್ತಿದೀನಿ,” ಎಂದ ಮಾತಿನಮಲ್ಲ. ಅವನ ದನಿ ಒಡೆದಿತ್ತು. “ಗಾಳಿ ಆಡ್ತಿಲ್ಲ ಅಕ್ಕಾ. ನಂಗೆ ಎದೆ ಒಂಥರಾ...”

“ಇನ್ನೇನು ಬಂದ್ಬಿಡ್ತಾರೆ, ಕೂತ್ಕೋ.” ಅವಳು ಡಬ್ಬಿಗೆ ಸುತ್ತಿದ್ದ ಅಂಗಿ ಸರಿಸಿ ಮೇಲಿನ ಉಷ್ಣಮಾಪಕ ನೋಡಿದಳು. ಮುಳ್ಳು ಹಸಿರು ಪಟ್ಟಿಯೊಳಗೇ ಇತ್ತು. “ಲಿಫ್ಟ್ ಮೆಕ್ಯಾನಿಕ್‌ಗೆ ಫೋನ್ ಮಾಡಿ, ನಂಬರು ಬಾಗಿಲ ಮೇಲೇ ಇದೆ,” ಎಂದು ತಂತ್ರಜ್ಞನಿಗೆ ಹೇಳಿ ಮೆಟ್ಟಿಲು ಹಿಡಿದಳು. ಅವನು ಹೂಂ ಅಂದ. ಗೇಣಗಲದ ಸಂದಿಯಲ್ಲಿ ಡಬ್ಬಿ ಬಂದಿತ್ತು, ಮನುಷ್ಯ ಬರುವಂತಿರಲಿಲ್ಲ.

ವಾರ್ಡಿನಲ್ಲಿ ನರ್ಸು ಡಬ್ಬಿಯನ್ನು ಕಸಿದುಕೊಂಡೇ ಒಳಗೆ ಓಡಿದಳು. ಸರ್ವರ್ ಅಕ್ಕ ಗೋಡೆಗೆ ಒರಗಿ, ಚೀಲದಿಂದ ಮೊದಲ ಹನಿ ಕೊಳವೆಗೆ ಇಳಿಯುವುದನ್ನು ಬಾಗಿಲ ಗಾಜಿನಿಂದ ನೋಡಿದಳು. ಐವತ್ತೇಳರ ವಯಸ್ಸಿನಲ್ಲಿ ಅಷ್ಟು ಮೆಟ್ಟಿಲು ಓಡಿ ಹತ್ತಿದ್ದಳು. ಬಾಣಂತಿಯ ತಾಯಿ ಅವಳನ್ನು ಬೆಂಚಿನ ಮೇಲೆ ಕೂರಿಸಿ, ತಾನೂ ಪಕ್ಕದಲ್ಲಿ ಕೂತಳು. ಇಬ್ಬರೂ ಬಾಗಿಲನ್ನೇ ನೋಡುತ್ತ ಹಾಗೇ ಇದ್ದರು. ಅರ್ಧ ಗಂಟೆಯ ಮೇಲೆ ಡಾಕ್ಟರು ಹೊರಗೆ ಬಂದು, “ಪರವಾಗಿಲ್ಲ, ನಿಂತಿದೆ,” ಎಂದರು.

ಕೋಣೆಗೆ ಮರಳಿದಾಗ ತಂತ್ರಜ್ಞ ಹೊಸ ಯಂತ್ರದ ತಂತಿಗಳನ್ನೆಲ್ಲ ಜೋಡಿಸಿ ಮುಗಿಸಿದ್ದ. ಅವಳು ಹಳದಿ ಸಾಲಿನ ಮೇಲೆ ಬಾಣ ಇಟ್ಟು, ‘ಪೂರ್ತಿ’ ಒತ್ತಿದಳು. ಸಾಲು ಮಾಯವಾಯಿತು.

“ಬಾಕಿ ಸೊನ್ನೆ!” ಎಂದು ತಂತ್ರಜ್ಞ ನಕ್ಕ. “ನಿಮ್ಮ ಮುದುಕ ಪೆಟ್ಟಿಗೆ ಕಡೇ ದಿನ ಮಾನ ಉಳಿಸ್ಕೊಳ್ತು. ಆರಿಸ್ಲಾ ಮೇಡಂ?”

“ಆರಿಸಿ.” ಅವಳು ನೀರಿನ ಲೋಟ ಎತ್ತಿಕೊಂಡಳು. “ಅಂದ ಹಾಗೆ, ಅವನನ್ನ ಲಿಫ್ಟಿಂದ ಎಷ್ಟು ಹೊತ್ತಿಗೆ ಇಳಿಸಿದ್ರು?”

ಸ್ವಿಚ್ಚಿನ ಮೇಲೆ ಬೆರಳಿಟ್ಟವನು ತಿರುಗಿ ನೋಡಿದ.

“ಯಾರನ್ನ?”