ಹಗ್ಗವಿಲ್ಲದ ಸಭಾಪಾಲಕ

ಸಂತೋಷದಿಂದ ಹಾಡಿದವರೆಲ್ಲ ನೆಲ ಬಿಟ್ಟು ಮೇಲೇಳಲು ಶುರುಮಾಡಿದಂದಿನಿಂದ ಬೆಟಗೇರಿಯ ಆ ಚರ್ಚಿನಲ್ಲಿ ಬೆಂಚು ಬೆಂಚಿಗೂ ಹಗ್ಗ ಕಟ್ಟಿದ್ದರು. ಕೀರ್ತನೆಗೆ ಮೊದಲು ಎಲ್ಲರೂ ಅದನ್ನು ಸೊಂಟಕ್ಕೆ ಬಿಗಿದುಕೊಳ್ಳುತ್ತಿದ್ದರು.

ಸಭಾಪಾಲಕ ಜಯವಂತರು ಮಾತ್ರ ಏಳು ವರ್ಷಗಳಲ್ಲಿ ಒಂದು ಬೆರಳಿನಷ್ಟೂ ಮೇಲೆದ್ದಿರಲಿಲ್ಲ. ತಮ್ಮ ವಿಶ್ವಾಸವೇ ಟೊಳ್ಳೆಂದು ಕೊರಗಿ ಕೊರಗಿ, ಸುಗ್ಗಿ ಹಬ್ಬದ ಆರಾಧನೆಯಲ್ಲಿ ಹೇಳಿಯೇಬಿಟ್ಟರು.

"ಮುಂದಿನ ವಾರದಿಂದ ಬ್ಯಾರೆ ಪಾಸ್ಟರ್ ನೋಡ್ಕೋರಿ. ನನಗ ಏಳಾಕ ಬರವಲ್ದು."

ಹಾಡುಗಾರರ ಹಿರಿಯಳಾದ ಸಲೋಮವ್ವ ಮೊದಲ ಕೀರ್ತನೆಯ ಗುಂಗಿನಲ್ಲಿ ಇನ್ನೂ ಛಾವಣಿಯ ತೊಲೆಯ ಹತ್ತಿರವೇ ತೇಲುತ್ತಿದ್ದಳು. ಅಲ್ಲಿಂದಲೇ ಕೇಳಿದಳು, "ನಾವು ಹಾಡೂಮುಂದ ನೀವೇನು ಮಾಡ್ತೀರ್ರೀ?"

"ಯಾರ ಗಂಟು ಸಡ್ಲಾಗೈತೋ ಅಂತ ನೋಡ್ತೀನವ್ವಾ."

"ಅಂದ್ರ ಏಳು ವರ್ಷದಾಗ ಒಂದು ಸಾಲೂ ಹಾಡಿಲ್ಲ!"

ಜಯವಂತರು ತಬ್ಬಿಬ್ಬಾದರು. ಸಭೆ ಗೊಳ್ಳೆಂದು ನಕ್ಕಿತು. ಸಲೋಮವ್ವ ಹಗ್ಗ ಹಿಡಿದು ಕೆಳಗಿಳಿದಳು.

"ಇವತ್ತ ಗಂಟು ನಾ ನೋಡ್ಕೋತೀನಿ. ನೀವು ಹಾಡ್ರಿ."

ಹಾಡಿದರು. ಶ್ರುತಿ ಎತ್ತಲೋ, ತಾಳ ಎತ್ತಲೋ. ಎರಡನೆಯ ಸಾಲಿಗೆ ಚಪ್ಪಲಿ ಕಳಚಿ ಬಿದ್ದವು. ಮೂರನೆಯ ಸಾಲಿಗೆ, ವೇದಿಕೆಯ ಮುಂದೆ ಪೇರಿಸಿದ್ದ ಕುಂಬಳಕಾಯಿಗಳು ಮೇಲಿನಿಂದ ಅವರಿಗೆ ನಿಂಬೆಹಣ್ಣಿನಂತೆ ಕಂಡವು. ಪ್ರಸಂಗಪೀಠಕ್ಕೆ ಈವರೆಗೆ ಯಾರೂ ಹಗ್ಗವನ್ನೇ ಕಟ್ಟಿಲ್ಲವೆಂಬುದು ಸಭೆಗೆ ಹೊಳೆದದ್ದು ಆಗ.

ಸಲೋಮವ್ವ ಬೆಂಚು ಹತ್ತಿ, ಅವರ ನಿಲುವಂಗಿಯ ಅಂಚಿಗೆ ಕೈಚಾಚಿ, ಎಟುಕದೆ ಕೂಗಿದಳು, "ಇಳೀರ್ರೀ! ಆಶೀರ್ವಾದ ಹೇಳೂದು ಬಾಕಿ ಐತಿ!"

ತೊಲೆಗೆ ತಲೆ ಬಡಿಸಿಕೊಂಡ ಜಯವಂತರು ಮೇಲಿನಿಂದಲೇ ಕೈ ಬೀಸಿದರು.

"ತಡಿಯವ್ವಾ, ಇನ್ನೂ ಮೂರು ಚರಣ ಅದಾವ!"